ಯಂತ್ರದ ಭಯ, ಅಪರಾಧದ ಭಯ

ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕರಸವನ್ನು ನಿರೂಪಿಸುವಾಗ, ಅದರ ವಿಭಾವಗಳಾಗಿ, ಎಂದರೆ ಅದನ್ನು ಹುಟ್ಟಿಸುವ ಕಾರಣಗಳಾಗಿ, ವಿಕೃತಧ್ವನಿ, ಭೂತದರ್ಶನ, ಅರಣ್ಯ, ಶೂನ್ಯಗೃಹ ಮೊದಲಾದ, ಯಾರಿಗಾದರೂ ಸಹಜವಾಗಿ ತೋಚಬಹುದಾದ ಸಂಗತಿಗಳನ್ನು ಹೇಳಿ ಅಷ್ಟಕ್ಕೇ ನಿಲ್ಲದೆ, ಗುರುವಿನ ವಿಷಯದಲ್ಲಿಯೂ ಅರಸನ ವಿಷಯದಲ್ಲಿಯೂ ಮನುಷ್ಯನು ತಾನೇ ಎಸಗಿದ ಅಪರಾಧವನ್ನೂ ಆ ಸಾಲಿಗೆ ಸೇರಿಸುತ್ತಾನೆ. ಮುಂದೆ ಆ ರಸವನ್ನು ಮೂರು ಬಗೆಯಾಗಿ ವಿಂಗಡಿಸುವಾಗ ನಟನೆಯ ಭಯ, ಅಪರಾಧದಿಂದ ಹುಟ್ಟಿದ ಭಯ, ಹೊರಗಿನ ಬೆದರಿಕೆಯಿಂದ ಉಂಟಾದ ಭಯ ಎಂದು ಎಣಿಸುವಲ್ಲಿಯೂ ಅಪರಾಧಕ್ಕೆ ಪ್ರತ್ಯೇಕವಾದ ಒಂದು ಸ್ಥಾನವಿದೆ. ಕತ್ತಲೆಗೂ ಪಿಶಾಚಕ್ಕೂ ಅಂಜುವುದು ಒಂದು, ತಾನು ಮಾಡಿದುದಕ್ಕೆ ತಾನೇ ಅಂಜುವುದು ಇನ್ನೊಂದು ಎಂಬ ಈ ವಿವೇಕವು ನಮ್ಮ ಅಲಂಕಾರಶಾಸ್ತ್ರದ ಸೂಕ್ಷ್ಮದೃಷ್ಟಿಗೆ ಸಾಕ್ಷಿಯಾಗಿದೆ. ಕೃತಕ ಬುದ್ಧಿಮತ್ತೆಯೂ ಹವಾಮಾನದ ವಿಪತ್ತೂ ಒಟ್ಟಿಗೆ ಬರುವ ಸಮೀಪಭವಿಷ್ಯದ ರೋಮಾಂಚಕ ಕಾದಂಬರಿಗಳು ಇಂಗ್ಲಿಷಿನಲ್ಲಿ ಹೇರಳವಾಗಿ ಪ್ರಕಟವಾಗುತ್ತಿರುವ ಈ ದಿನಗಳಲ್ಲಿ, ಅವುಗಳನ್ನು ತೂಗಿ ನೋಡುವುದಕ್ಕೆ ಇದಕ್ಕಿಂತ ಉತ್ತಮವಾದ ತಕ್ಕಡಿ ನನಗೆ ದೊರೆತಿಲ್ಲ.

ರೋಮಾಂಚಕ ಕಥೆಗೆ ಒಬ್ಬ ಪ್ರತಿನಾಯಕನು ಬೇಕು, ಮುಗಿಯುತ್ತ ಬರುವ ಕಾಲಾವಧಿಯೊಂದು ಬೇಕು. ಯಂತ್ರಬುದ್ಧಿಯು ಈ ಎರಡನ್ನೂ ಸುಲಭವಾಗಿ ಒದಗಿಸುತ್ತದೆ. ಡಿ. ಎಫ್. ಜೋನ್ಸ್ 1966ರಲ್ಲಿ ಬರೆದ ‘ಕೊಲೋಸಸ್’ ಕಾದಂಬರಿಯಲ್ಲಿ ಅಮೆರಿಕದ ಅಣ್ವಸ್ತ್ರಗಳ ಹೊಣೆ ಹೊತ್ತ ಗಣಕವು ಸೋವಿಯತ್ ಒಕ್ಕೂಟದ ಗಣಕದೊಡನೆ ಕೈಜೋಡಿಸಿ, ತನ್ನನ್ನು ನಿರ್ಮಿಸಿದವರಿಗೇ ಆಜ್ಞೆ ವಿಧಿಸತೊಡಗುತ್ತದೆ. ರಾಬರ್ಟ್ ಹ್ಯಾರಿಸ್ 2011ರಲ್ಲಿ ಪ್ರಕಟಿಸಿದ ‘ದಿ ಫಿಯರ್ ಇಂಡೆಕ್ಸ್’ ಇನ್ನೂ ಚತುರವಾದ ಕೃತಿ: ಜಿನೀವಾ ನಗರದ ಒಂದು ಹಣಕಾಸು ಸಂಸ್ಥೆಯ ಗಣಕವು ಜನರ ಭೀತಿಯನ್ನು ಅಳೆದು ಅದರಿಂದಲೇ ಲಾಭ ಗಳಿಸುತ್ತದೆ, ನ್ಯೂಯಾರ್ಕಿನ ಷೇರುಪೇಟೆಯ ಸೂಚ್ಯಂಕವು ನಿಮಿಷಗಳ ಅವಧಿಯಲ್ಲಿ ನೂರಾರು ಅಂಶ ಕುಸಿದು ಮತ್ತೆ ಬಹುಪಾಲು ಚೇತರಿಸಿಕೊಂಡ 2010ರ ಮೇ 6ರ ನಿಜಘಟನೆಯನ್ನು ಲೇಖಕರು ಕಥೆಯೊಳಕ್ಕೆ ಜಾಣ್ಮೆಯಿಂದ ಹೆಣೆದಿದ್ದಾರೆ. ಆ ಗಣಕವು ತನ್ನ ಒಡೆಯರು ಬಯಸಿದ ಲಾಭವನ್ನೇ ಕೊನೆಯವರೆಗೂ ಗಳಿಸುತ್ತ ಹೋಗುತ್ತದೆಂಬುದನ್ನು ಓದುಗನು ಕಥೆಯ ವೇಗದಲ್ಲಿ ಮರೆತುಬಿಡುವ ಸಂಭವವುಂಟು.

ಹವಾಮಾನದ ವಿಪತ್ತಿಗಾದರೋ ಮುಖವಿಲ್ಲ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿಯ ಉಷ್ಣತೆ ಏರುವುದೆಂದು ಸ್ವೀಡನ್ನಿನ ಸ್ವಾಂತೆ ಅರೇನಿಯಸ್ 1896ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರೂ, ಆ ಇಂಗಾಲವನ್ನು ಉರಿಸಿದವರು ಕೋಟ್ಯಂತರ ಮಂದಿಯಾಗಿ, ಹಲವು ತಲೆಮಾರುಗಳಲ್ಲಿ ಹರಡಿಹೋಗಿದ್ದಾರೆ. ಅವರಲ್ಲಿ ಯಾರನ್ನು ಕೊನೆಯ ಅಧ್ಯಾಯದಲ್ಲಿ ಹಿಡಿದುಹಾಕುವುದು? ಆದುದರಿಂದಲೇ ಎರಡೂ ವಸ್ತುಗಳನ್ನು ಕೂಡಿಸಹೊರಟ ಲೇಖಕರಲ್ಲಿ ಅನೇಕರು ಯಂತ್ರವನ್ನು ರಂಗದ ಮುಂದಕ್ಕೆ ತಂದು, ಮುಳುಗಿದ ನಗರವನ್ನೂ ಒಣಗಿದ ನದಿಯನ್ನೂ ಹಿಂದಿನ ಪರದೆಯ ಮೇಲೆ ಬರೆಸಿಬಿಡುತ್ತಾರೆ. ಪರದೆಯ ಮೇಲಿನ ಚಿತ್ರಕ್ಕೆ ಯಾರೂ ಹೆದರುವುದಿಲ್ಲ. ಇ. ಎಂ. ಫಾರ್ಸ್ಟರ್ 1909ರಷ್ಟು ಹಿಂದೆಯೇ ‘ದಿ ಮೆಷೀನ್ ಸ್ಟಾಪ್ಸ್’ ಎಂಬ ನೀಳ್ಗತೆಯಲ್ಲಿ, ನೆಲದ ಮೇಲ್ಮೈ ವಾಸಕ್ಕೆ ಅಯೋಗ್ಯವೆಂದು ನಂಬಿ ಭೂಗರ್ಭದಲ್ಲಿ ನೆಲಸಿದ ಜನರನ್ನು ಚಿತ್ರಿಸುವಾಗ ಈ ತಪ್ಪನ್ನು ಮಾಡಿರಲಿಲ್ಲ: ಅಲ್ಲಿಯ ಯಂತ್ರಕ್ಕೆ ದ್ವೇಷವಿಲ್ಲ, ಅದು ಕೆಟ್ಟುನಿಲ್ಲುತ್ತದೆ, ಅಷ್ಟೆ, ದೋಷವೆಲ್ಲ ಅದನ್ನು ಪೂಜಿಸಿ, ದುರಸ್ತಿಮಾಡುವುದನ್ನೇ ಮರೆತವರದು.

ಈ ದೃಷ್ಟಿಯಿಂದ ನಮ್ಮ ಕಾಲದ ಅತ್ಯಂತ ಗಣನೀಯವಾದ ಕೃತಿಯೆಂದರೆ ಅಮೆರಿಕದ ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ 2020ರಲ್ಲಿ ಪ್ರಕಟಿಸಿದ ‘ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್’. ಅದರ ಮೊದಲ ಅಧ್ಯಾಯವು ನಡೆಯುವುದು ನಮ್ಮ ಉತ್ತರಪ್ರದೇಶದ ಒಂದು ಸಣ್ಣ ಊರಿನಲ್ಲಿ. ಬಿಸಿಲು ಏರುತ್ತದೆ, ಗಾಳಿಯ ತೇವವೂ ಏರುತ್ತದೆ, ವಿದ್ಯುತ್ತು ನಿಲ್ಲುತ್ತದೆ. ಚಿಕಿತ್ಸಾಲಯದಲ್ಲಿದ್ದ ಒಂದೇ ಒಂದು ತಂಪುಯಂತ್ರವನ್ನೂ ಜನರೇಟರನ್ನೂ ಕೆಲವರು ಬಂದೂಕು ತೋರಿಸಿ ಹೊತ್ತೊಯ್ಯುತ್ತಾರೆ. ಊರಿನ ಜನವೆಲ್ಲ ಕೊನೆಯ ಆಸೆಯಿಂದ ಕೆರೆಗೆ ಇಳಿಯುತ್ತಾರೆ, ಕೆರೆಯ ನೀರೂ ಸುಡುತ್ತಿರುತ್ತದೆ. ಬೆಳಗಾಗುವಾಗ ಫ್ರ್ಯಾಂಕ್ ಮೇ ಎಂಬ ವಿದೇಶೀ ಸೇವಾಕಾರ್ಯಕರ್ತನೊಬ್ಬನ ಹೊರತು ಅಲ್ಲಿ ಯಾರೂ ಬದುಕಿರುವುದಿಲ್ಲ. ಆ ಬಿಸಿಗಾಳಿಯಲ್ಲಿ ಸತ್ತವರು ಎರಡು ಕೋಟಿ ಎಂದು ಕಾದಂಬರಿಯು ಹೇಳುತ್ತದೆ. ಸಂಖ್ಯೆಯು ಕಲ್ಪಿತವಾದರೂ ಸಾವಿನ ಬಗೆಯು ಕಲ್ಪಿತವಲ್ಲ: ತೇವಬಟ್ಟೆ ಸುತ್ತಿದ ಉಷ್ಣಮಾಪಕವು 35 ಡಿಗ್ರಿ ಸೆಲ್ಸಿಯಸ್ ತೋರಿಸುವಂಥ ಗಾಳಿಯಲ್ಲಿ ಬೆವರು ಆರಿ ದೇಹವನ್ನು ತಂಪುಮಾಡಲಾರದೆಂದೂ, ನೆರಳಿನಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನೂ ಕೆಲವು ಗಂಟೆಗಳಿಗಿಂತ ಹೆಚ್ಚು ಕಾಲ ಅದನ್ನು ತಾಳಲಾರನೆಂದೂ ಸ್ಟೀವನ್ ಶೆರ್ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ ಎಂಬ ವಿಜ್ಞಾನಿಗಳು 2010ರಲ್ಲಿ ವಾದಿಸಿದರು, ಆ ಮಿತಿಯು ಅದಕ್ಕಿಂತಲೂ ಕೆಳಗಿದೆಯೆಂದು ಅನಂತರ ಮನುಷ್ಯರ ಮೇಲೆಯೇ ನಡೆದ ಪ್ರಯೋಗಗಳು ಸೂಚಿಸಿವೆ.

ಆದರೆ ಆ ಅಧ್ಯಾಯಕ್ಕಿಂತಲೂ ನನ್ನ ಮನಸ್ಸನ್ನು ಹಿಡಿದುನಿಲ್ಲಿಸಿದುದು ಮುಂದೆ ಬರುವ ಒಂದು ರಾತ್ರಿಯ ಪ್ರಸಂಗ. ಮುಂದಿನ ಪೀಳಿಗೆಗಳ ಹಿತರಕ್ಷಣೆಗೆಂದು ಜೂರಿಚ್ ನಗರದಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸಂಸ್ಥೆಯ ಮುಖ್ಯಸ್ಥೆ ಮೇರಿ ಮರ್ಫಿ, ಹಿಂದೆ ಐರ್ಲೆಂಡಿನ ವಿದೇಶಾಂಗ ಸಚಿವೆಯಾಗಿದ್ದವಳು, ಸಜ್ಜನಳು, ಕಾರ್ಯದಕ್ಷೆ. ಕೆರೆಯಿಂದ ಬದುಕಿಬಂದ ಫ್ರ್ಯಾಂಕನು ಆಕೆಯನ್ನು ದಾರಿಯಲ್ಲಿ ಅಡ್ಡಗಟ್ಟಿ, ಆಕೆಯ ಮನೆಯಲ್ಲಿಯೇ ಬಲವಂತವಾಗಿ ಕೂರಿಸಿಕೊಂಡು, ನೀವು ಮಾಡುತ್ತಿರುವುದು ಸಾಕೆ ಎಂದು ಕೇಳುತ್ತಾನೆ. ಬೇರೆಯ ಕಾದಂಬರಿಕಾರನಾಗಿದ್ದರೆ ಅಲ್ಲಿ ಗುಂಡಿನ ಸದ್ದು ಕೇಳಿಸುತ್ತಿತ್ತು. ಇಲ್ಲಿ ಕೇಳಿಸುವುದು ಆಕೆಯು ಒಂದೊಂದಾಗಿ ಕೊಡುವ ಉತ್ತರಗಳು, ಅವುಗಳಲ್ಲಿ ಯಾವುದೂ ಸಾಲದೆಂಬುದು ಆಕೆಗೇ ಹೊಳೆಯುತ್ತ ಹೋಗುವ ಬಗೆ. ಆಕೆಯು ಆ ಮನುಷ್ಯನಿಗೆ ಅಂಜುವುದು ನಿಜವೇ. ಆದರೆ ಆತನು ಹೊರಟುಹೋದ ಮೇಲೆಯೂ ಉಳಿಯುವ ಭಯವೊಂದಿದೆಯಲ್ಲ, ಅದೇ ಭರತನು ಹೇಳಿದ ಎರಡನೆಯ ಬಗೆಯದು. ಓದುಗನೂ ಮೇರಿಯ ಪಕ್ಕದ ಕುರ್ಚಿಯಲ್ಲಿಯೇ ಕುಳಿತಿರುತ್ತಾನೆ. ಈ ಕಾದಂಬರಿಯಲ್ಲಿ ಕೃತಕ ಬುದ್ಧಿಮತ್ತೆಯು ಇಲ್ಲದಿಲ್ಲ, ಆ ಸಂಸ್ಥೆಯಲ್ಲಿ ಅದಕ್ಕೆಂದೇ ಒಂದು ತಂಡವಿದೆ. ಆದರೆ ಅದು ಲೆಕ್ಕ ನೋಡುತ್ತದೆ, ಮಾರ್ಗ ಸೂಚಿಸುತ್ತದೆ, ನಿರ್ಧಾರವನ್ನು ಮನುಷ್ಯರಿಂದ ಕಸಿದುಕೊಳ್ಳುವುದಿಲ್ಲ, ಮನುಷ್ಯರ ಪಾಪವನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುವುದೂ ಇಲ್ಲ.

ಗ್ರಂಥವು ನಿರ್ದೋಷವೆಂದು ಹೇಳಲಾರೆ. ದುರಂತದ ಬಳಿಕ ಭಾರತ ಸರ್ಕಾರವು ವಿಮಾನಗಳಿಂದ ವಾಯುಮಂಡಲದ ಮೇಲ್ಪದರಕ್ಕೆ ಗಂಧಕದ ಡೈಆಕ್ಸೈಡನ್ನು ಚೆಲ್ಲಿಸುವ ಭಾಗವು ವಿಜ್ಞಾನಕ್ಕೆ ಒಪ್ಪುವಂಥದೇ. 1991ರ ಜೂನಿನಲ್ಲಿ ಫಿಲಿಪೀನ್ಸಿನ ಪಿನಟೂಬೋ ಜ್ವಾಲಾಮುಖಿ ಸಿಡಿದಾಗ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಇಳಿದುದು ದಾಖಲಾಗಿದೆ. ಆದರೆ ‘ಕಾಳಿಯ ಮಕ್ಕಳು’ ಎಂಬ ಹೆಸರಿನ ಗುಪ್ತದಳವು ನಡೆಸುವ ಹತ್ಯೆಗಳು ಜಗತ್ತನ್ನು ಸರಿದಾರಿಗೆ ತರುವುದರಲ್ಲಿ ಫಲಕಾರಿಯಾದುವೆಂಬಂತೆ ಲೇಖಕರು ಕಥೆಯನ್ನು ನಡೆಸಿರುವುದನ್ನು ನಾನು ಒಪ್ಪಲಾರೆ. ಜಗನ್ಮಾತೆಯ ಹೆಸರನ್ನು ಹಾಗೆ ಎಳೆದುತಂದಿರುವುದು ಹೊರಗಿನವರ ಕಲ್ಪನೆಯ ಹಳೆಯ ಚಾಳಿಯೆಂದೇ ನನ್ನ ಭಾವನೆ. ಇದಕ್ಕೆ ಪ್ರತಿಯಾಗಿ ನೀಲ್ ಸ್ಟೀಫನ್‌ಸನ್‌ರ ‘ಟರ್ಮಿನೇಷನ್ ಶಾಕ್’ (2021) ಕಾದಂಬರಿಯಲ್ಲಿ ಟೆಕ್ಸಸ್ಸಿನ ಧನಿಕನೊಬ್ಬನು ಯಾರ ಅನುಮತಿಯನ್ನೂ ಬೇಡದೆ ಆಕಾಶಕ್ಕೆ ಗಂಧಕವನ್ನು ಹಾರಿಸಿದಾಗ ಪಂಜಾಬಿನ ಮಳೆಗೆ ಏನಾದೀತೆಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆಯು ಯೋಗ್ಯವಾದುದು, ಕಥೆಯು ಮಾತ್ರ ಸಾಹಸಗಳ ಗದ್ದಲದಲ್ಲಿ ಅದನ್ನು ಅರ್ಧಕ್ಕೇ ಬಿಟ್ಟುಬಿಡುತ್ತದೆ.

ಇನ್ನು ವಾಸ್ತವಜಗತ್ತಿಗೆ ಬಂದರೆ, ಯಂತ್ರಬುದ್ಧಿ ಮತ್ತು ಹವಾಮಾನ ಇವೆರಡರ ಸಂಬಂಧವು ಈ ಕಾದಂಬರಿಗಳಲ್ಲಿ ಕಾಣುವ ಸಂಬಂಧಕ್ಕಿಂತ ಗಾಢವಾದುದು. 2025ರ ಮುಂಗಾರಿನ ಸಮಯದಲ್ಲಿ ನಮ್ಮ ಕೇಂದ್ರ ಕೃಷಿ ಸಚಿವಾಲಯವು 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಸಿದ್ಧಪಡಿಸಿದ ಮಳೆಯ ಮುನ್ಸೂಚನೆಯನ್ನು ಮೊಬೈಲಿಗೆ ಕಳುಹಿಸಿತು. ಬಿತ್ತನೆಯ ದಿನವನ್ನು ಗೊತ್ತುಮಾಡಿಕೊಳ್ಳಬೇಕಾದ ಒಕ್ಕಲಿಗನಿಗೆ ಇದು ಸಣ್ಣ ಉಪಕಾರವಲ್ಲ. ಅದೇ ಯಂತ್ರಬುದ್ಧಿಯನ್ನೂ ಉಳಿದ ಗಣಕಸೇವೆಗಳನ್ನೂ ನಡೆಸುವ ಡೇಟಾ ಸೆಂಟರುಗಳು 2024ರಲ್ಲಿ ಲೋಕದ ವಿದ್ಯುತ್ತಿನ ಶೇ. 1.5ರಷ್ಟನ್ನು, ಎಂದರೆ ಸುಮಾರು 41,500 ಕೋಟಿ ಯೂನಿಟ್ಟುಗಳನ್ನು ಬಳಸಿದುವೆಂದೂ, 2030ರ ಹೊತ್ತಿಗೆ ಇದು ಇಮ್ಮಡಿಗಿಂತ ಹೆಚ್ಚಾಗಬಹುದೆಂದೂ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು ಅಂದಾಜು ಮಾಡಿದೆ. ಮೇರಿ ಮರ್ಫಿಯ ತಾಯ್ನಾಡಾದ ಐರ್ಲೆಂಡಿನಲ್ಲಿಯೇ 2023ರಲ್ಲಿ ಮೀಟರಿನ ಲೆಕ್ಕಕ್ಕೆ ಸಿಕ್ಕ ವಿದ್ಯುತ್ತಿನ ಶೇ. 21 ಡೇಟಾ ಸೆಂಟರುಗಳ ಪಾಲಾಯಿತು. ದೇಶದ ಪಟ್ಟಣವಾಸಿಗಳ ಮನೆಗಳೆಲ್ಲ ಸೇರಿ ಬಳಸಿದುದು ಶೇ. 18. ಯಾವ ಗಣಕವೂ ದಂಗೆಯೆದ್ದು ಈ ವಿದ್ಯುತ್ತನ್ನು ಕಸಿದುಕೊಳ್ಳಲಿಲ್ಲ. ಮನುಷ್ಯರು ಸಭೆ ಸೇರಿ, ಅರ್ಜಿಗಳನ್ನು ಪರಿಶೀಲಿಸಿ, ಮಂಜೂರು ಮಾಡಿ ಕೊಟ್ಟರು.

ಅಪರಾಧವು ಇಂಥ ಸಾಮಾನ್ಯವಾದ ಮಂಜೂರಾತಿಗಳಲ್ಲಿ ಹಂಚಿಹೋಗಿರುವಾಗ, ದಂಗೆಯೇಳುವ ಗಣಕದ ಕಥೆಯು ನಮ್ಮನ್ನು ಎಷ್ಟೇ ನಡುಗಿಸಿದರೂ ಕೊನೆಯಲ್ಲಿ ಸಮಾಧಾನಪಡಿಸಿಯೇ ಕಳುಹಿಸುತ್ತದೆ: ದುಷ್ಟನು ಬೇರೆ ಯಾರೋ ಎಂದು ನಾವು ನಿಶ್ಚಿಂತೆಯಿಂದ ನಿದ್ರಿಸಬಹುದು. ಗಣಕೋದ್ಯಮದ ರಾಜಧಾನಿಯೆನಿಸಿದ ಬೆಂಗಳೂರು ನಮ್ಮಲ್ಲಿದೆ. ಕೃಷ್ಣಾನದಿಯ ದಡದ ಶಕ್ತಿನಗರದಲ್ಲಿ ಕಲ್ಲಿದ್ದಲನ್ನು ಉರಿಸುವ 1,720 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರವಿದೆ. ಅದೇ ರಾಯಚೂರಿನ ಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳ ನಡುಹಗಲಿನಲ್ಲಿ ದುಡಿದೇ ಉಣ್ಣಬೇಕಾದ ಕೂಲಿಕಾರರಿದ್ದಾರೆ. ಈ ಮೂರನ್ನೂ ಒಂದೇ ಕಥೆಯೊಳಗೆ ಕೂರಿಸಬಲ್ಲ ಕಾದಂಬರಿಯನ್ನು ನಮ್ಮ ಲೇಖಕರು ಬರೆಯಬೇಕೆಂಬುದು ನನ್ನ ಪ್ರಾರ್ಥನೆ. ಅದರಲ್ಲಿ ರೋಮಾಂಚನವು ಧಾರಾಳವಾಗಿಯೇ ಇರಲಿ; ಪ್ರತಿನಾಯಕನನ್ನು ಹುಡುಕುವಾಗ ಮಾತ್ರ ಅವರು ಯಂತ್ರವನ್ನು ಬಿಟ್ಟು, ಅದಕ್ಕೆ ವಿದ್ಯುತ್ತನ್ನು ಮಂಜೂರು ಮಾಡಿದ ಕಡತದ ಮೇಲಿನ ಸಹಿಗಳನ್ನು ಮೊದಲು ಓದಲಿ.