ಆಟದ ನಡುವೆ ಕುಕ್ಕರಗಾಲು

ಮಕ್ಕಳೇ, ಮುಟ್ಟಾಟ ಆಡುವಾಗ ನಾಲ್ಕು ಹೆಜ್ಜೆ ಓಡಿ, ಏದುಸಿರು ಬಿಡುತ್ತಾ ಕುಕ್ಕರಗಾಲಿನಲ್ಲಿ ಕೂತುಬಿಡುವ ಗೆಳೆಯನನ್ನು ಕಂಡಿದ್ದೀರಾ? ‘ಸೋಮಾರಿ, ಏಳೋ!’ ಎಂದು ಕೂಗುವ ಮೊದಲು ಅವನ ತುಟಿ, ಉಗುರು ನೋಡಿ. ನೇರಳೆಹಣ್ಣು ತಿಂದವರಂತೆ ನೀಲಿಯಾಗಿವೆಯೇ? ಹಾಗಿದ್ದರೆ ಅದು ಸೋಮಾರಿತನವಲ್ಲ, ಅವನ ಮೈ ತಾನೇ ಕಂಡುಕೊಂಡ ಉಪಾಯ.

ನಮ್ಮ ಹೃದಯ ನಾಲ್ಕು ಕೋಣೆಗಳ ಮನೆ. ಮೈಯಿಂದ ಬಂದ ರಕ್ತ ಬಲಗಡೆಯಿಂದ ಶ್ವಾಸಕೋಶಕ್ಕೆ ಹೋಗಿ, ಆಮ್ಲಜನಕ ತುಂಬಿಕೊಂಡು ಎಡಗಡೆಗೆ ಬರುತ್ತದೆ. ಅಲ್ಲಿಂದ ಮೈಗೆಲ್ಲ ಹೊರಡುತ್ತದೆ. ಅಮ್ಮನ ಹೊಟ್ಟೆಯಲ್ಲಿ ಮೊದಲ ಎರಡು ತಿಂಗಳಲ್ಲೇ ಈ ಮನೆ ಕಟ್ಟಿ ಮುಗಿಯುತ್ತದೆ. ಆಗ ಗೋಡೆಯಲ್ಲಿ ತೂತು ಉಳಿಯಬಹುದು, ದಾರಿ ಕಿರಿದಾಗಬಹುದು. ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಒಂದಕ್ಕೆ ಇಂಥ ಏನಾದರೊಂದು ದೋಷವಿರುತ್ತದೆ. ಸಣ್ಣ ತೂತುಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ದೊಡ್ಡ ತೂತಿನ ಜೊತೆಗೆ ಶ್ವಾಸಕೋಶದ ದಾರಿಯೂ ಕಿರಿದಾಗಿದ್ದರೆ ಆಮ್ಲಜನಕ ಕಡಿಮೆಯಿರುವ ರಕ್ತವೇ ಮೈಗೆ ಹರಿದು ಮಗು ನೀಲಿಯಾಗುತ್ತದೆ. ಕುಕ್ಕರಗಾಲಿನಲ್ಲಿ ಕೂತಾಗ ಕಾಲಿನ ರಕ್ತನಾಳಗಳು ಬಿಗಿಯಾಗಿ, ಹೆಚ್ಚು ರಕ್ತ ಶ್ವಾಸಕೋಶದ ಕಡೆ ತಿರುಗುತ್ತದೆ. ಉಸಿರಿಗೆ ಸಮಾಧಾನವಾಗುತ್ತದೆ.

ಅಮೆರಿಕದ ಬಾಲ್ಟಿಮೋರಿನಲ್ಲಿ ಹೆಲೆನ್ ಟೌಸಿಗ್ ಎಂಬ ಮಕ್ಕಳ ವೈದ್ಯೆ ಇದ್ದರು. ಅವರಿಗೆ ಕಿವಿ ಮಂದವಾಗಿತ್ತು. ಮಗುವಿನ ಎದೆಯ ಮೇಲೆ ಬೆರಳಿಟ್ಟು ಹೃದಯದ ಬಡಿತ ಅರಿಯುತ್ತಿದ್ದರು. ಶ್ವಾಸಕೋಶಕ್ಕೆ ಹೊಸದೊಂದು ದಾರಿ ಮಾಡಿಕೊಟ್ಟರೆ ನೀಲಿ ಮಕ್ಕಳು ಬದುಕಬಹುದೆಂದು ಅವರಿಗೆ ತೋರಿತು. ಶಸ್ತ್ರವೈದ್ಯ ಆಲ್‌ಫ್ರೆಡ್ ಬ್ಲಾಲಕ್ ಒಪ್ಪಿದರು. ಅವರ ಪ್ರಯೋಗಾಲಯದ ಸಹಾಯಕ ವಿವಿಯನ್ ಥಾಮಸ್ ಕಪ್ಪುವರ್ಣೀಯ. ಮರಗೆಲಸ ಬಲ್ಲವರು, ವೈದ್ಯರಾಗುವ ಆಸೆಯಿದ್ದರೂ ಹಣವಿಲ್ಲದೆ ಓದು ಮುಂದುವರಿಸಲಾಗದವರು. ಕೈಗೆ ಹೋಗುವ ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಜೋಡಿಸುವುದನ್ನು ನಾಯಿಗಳ ಮೇಲೆ ಮಾಡಿ ಮಾಡಿ ಕಲಿತವರು ಅವರೇ. 1944ರ ನವೆಂಬರ್ 29ರಂದು, ಒಂದು ವರ್ಷ ದಾಟಿದ್ದ ಹೆಣ್ಣುಮಗುವಿಗೆ ಬ್ಲಾಲಕ್ ಶಸ್ತ್ರಚಿಕಿತ್ಸೆ ಮಾಡುವಾಗ ಥಾಮಸ್ ಹಿಂದೆ ಸ್ಟೂಲಿನ ಮೇಲೆ ನಿಂತು ಸಲಹೆ ಕೊಡುತ್ತಿದ್ದರು. ಆ ಮಗು ಕೆಲವು ತಿಂಗಳಷ್ಟೇ ಉಳಿಯಿತು. ಆದರೆ ಅದು ತೆರೆದ ದಾರಿಯಲ್ಲಿ ಸಾವಿರಾರು ಮಕ್ಕಳು ಬದುಕಿದರು. 1976ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಥಾಮಸ್‌ಗೆ ಗೌರವ ಡಾಕ್ಟರೇಟ್ ನೀಡಿತು. ಈಗ ಒಳಗಿನ ತೂತನ್ನೇ ಮುಚ್ಚಿ, ಕಿರಿದಾದ ದಾರಿಯನ್ನು ಅಗಲ ಮಾಡುತ್ತಾರೆ.

ಅಜ್ಜಿ-ತಾತಂದಿರೇ, ನಿಮಗೊಂದು ಮಾತು. ‘ಗ್ರಹಣದಲ್ಲಿ ಹೊರಗೆ ಬಂದಳು, ಅದಕ್ಕೇ ಹೀಗಾಯಿತು’ ಎಂದು ಸೊಸೆಯನ್ನು ದೂರಬೇಡಿ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಚ್ಚಿನ ಮಕ್ಕಳಲ್ಲಿ ಕಾರಣ ಇಂಥದ್ದೇ ಎಂದು ಹೇಳಲಾಗುವುದಿಲ್ಲ. ಹಾಲು ಕುಡಿಯುವಾಗ ಕೂಸು ಬೆವರಿ ಸುಸ್ತಾದರೆ, ತೂಕ ಏರದಿದ್ದರೆ, ತುಟಿ ನೀಲಿಯಾದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಹೃದಯವನ್ನೂ ಪರೀಕ್ಷಿಸುತ್ತದೆ. ಚಿಕಿತ್ಸೆಯಾದ ಮೇಲೂ ತಪಾಸಣೆ ಬಿಡಬಾರದು. ಹಲ್ಲು ಶುಚಿಯಾಗಿರಲಿ, ಬಾಯಿಯ ಸೋಂಕು ರಕ್ತದ ಮೂಲಕ ಹೃದಯ ಮುಟ್ಟಬಹುದು.

ಇನ್ನು ಮಕ್ಕಳೇ, ನಿಮ್ಮ ಗೆಳೆಯ ಎಷ್ಟು ಆಡಬಹುದೆಂದು ವೈದ್ಯರು ಹೇಳುತ್ತಾರೆ. ಅಷ್ಟು ಆಟದಲ್ಲಿ ಅವನನ್ನು ಸೇರಿಸಿಕೊಳ್ಳಿ. ನಡುವೆ ಕೂತನೆಂದರೆ ಟೀಚರಿಗೆ ತಿಳಿಸಿ, ಪಕ್ಕದಲ್ಲಿ ನೀವೂ ಕೂತುಕೊಳ್ಳಿ. ಅವನು ಔಟ್ ಅಲ್ಲ, ‘ಟೈಂ ಪ್ಲೀಸ್’ ಅಷ್ಟೇ.