ಸೆರೆಮನೆಯ ಲೆಕ್ಕ ಮತ್ತು ಶಾಲೆಯ ಹೊಣೆ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಮಿತಿಯ ಮಿತ್ರರು ಕೇಳಿದಾಗ, ನಾನು ಹಳೆಯ ನೆನಪುಗಳನ್ನು ಬರೆಯುವೆನೆಂದು ಅವರು ಭಾವಿಸಿದ್ದಿರಬಹುದು. ಆದರೆ ಈ ಶುಭ ಸಂದರ್ಭದಲ್ಲಿ ನಾನು ಸೆರೆಮನೆಯ ಮಾತೆತ್ತುತ್ತಿದ್ದೇನೆ. ಸಹೃದಯರು ಮನ್ನಿಸಬೇಕು. ಅದಕ್ಕೊಂದು ಕಾರಣವಿದೆ, ಮುಂದೆ ನಿವೇದಿಸುತ್ತೇನೆ.

ಮುಖ್ಯೋಪಾಧ್ಯಾಯನಾಗಿ ವರ್ಷವರ್ಷವೂ ಮಕ್ಕಳ ಸಂಖ್ಯೆಯ ತಖ್ತೆ ಬರೆದವನು ನಾನು. ನಿವೃತ್ತಿಯ ಬಳಿಕವೂ ಅಂಕಿಗಳ ಮೋಹ ಬಿಟ್ಟಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ಸೆರೆಮನೆಗಳ ಅಂಕಿಅಂಶಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. 2001ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದವರು 3,13,635 ಮಂದಿ. 2011ರಲ್ಲಿ 3,72,926. 2022ರಲ್ಲಿ 5,73,220. ಮರುವರ್ಷ ಸಂಖ್ಯೆ ಸ್ವಲ್ಪ ಇಳಿದು 5,30,000ದ ಆಸುಪಾಸಿಗೆ ಬಂತು. ಆದರೂ ನೂರು ಮಂದಿಗಾಗಿ ಕಟ್ಟಿದ ಜಾಗದಲ್ಲಿ ನೂರ ಇಪ್ಪತ್ತು ಮಂದಿ ಮಲಗುವ ಸ್ಥಿತಿ.

ಈ ಏರಿಕೆಯನ್ನು ಕಂಡು “ಕಾಲ ಕೆಟ್ಟಿತು, ಕಳ್ಳಕಾಕರು ಹೆಚ್ಚಿದರು” ಎನ್ನುವವರುಂಟು. ಲೆಕ್ಕವನ್ನು ಬಿಡಿಸಿ ನೋಡಿದರೆ ಬೇರೆಯೇ ಸಂಗತಿ ತಿಳಿಯುತ್ತದೆ. ನ್ಯಾಯಾಲಯ ತಪ್ಪಿತಸ್ಥರೆಂದು ತೀರ್ಮಾನಿಸಿದ ಕೈದಿಗಳು 2011ರಲ್ಲಿ 1,28,592, 2022ರಲ್ಲಿ 1,33,415. ಹನ್ನೊಂದು ವರ್ಷಗಳಲ್ಲಿ ಹೆಚ್ಚಿದ್ದು ಐದು ಸಾವಿರಕ್ಕೂ ಕಡಿಮೆ. ವಿಚಾರಣಾಧೀನ ಕೈದಿಗಳಾದರೋ 2,41,200ರಿಂದ 4,34,302ಕ್ಕೆ ಏರಿದರು. ಎಂದರೆ ಹೆಚ್ಚಿದ ಎರಡು ಲಕ್ಷ ಮಂದಿಯಲ್ಲಿ ಬಹುತೇಕ ಎಲ್ಲರೂ ಇನ್ನೂ ತೀರ್ಪು ಕೇಳದವರು. ಜಗತ್ತಿನ ಕೈದಿಗಳಲ್ಲಿ ಇಂಥವರು ಸುಮಾರು ಮೂರರಲ್ಲೊಂದು ಪಾಲು. ನಮ್ಮಲ್ಲಿ ನಾಲ್ಕರಲ್ಲಿ ಮೂರು ಪಾಲು.

ನಮ್ಮ ಜಿಲ್ಲೆಯ ಚೀಮೇನಿಯಲ್ಲಿ ಬಯಲು ಬಂದೀಖಾನೆಯಿದೆ. ಸನ್ನಡತೆಯ ಕೈದಿಗಳು ಅಲ್ಲಿ ಬಿಸಿಲು ಗಾಳಿಯಲ್ಲಿ ಬೇಸಾಯ ಮಾಡುತ್ತಾರೆ. ಅದು ಸ್ತುತ್ಯರ್ಹ ವ್ಯವಸ್ಥೆ. ಆದರೆ ಅದು ಶಿಕ್ಷೆಯಾದವರಿಗೆ ಮಾತ್ರ. ಅಪರಾಧಿಗೆ ತನ್ನ ಬಿಡುಗಡೆಯ ದಿನವಾದರೂ ಗೊತ್ತು. ವಿಚಾರಣಾಧೀನನಿಗೆ ಅದೂ ಇಲ್ಲ.

ಇವರು ಯಾರು? ಮೂರರಲ್ಲಿ ಎರಡು ಪಾಲಿನಷ್ಟು ಮಂದಿ ಅನಕ್ಷರಸ್ಥರು ಅಥವಾ ಹತ್ತನೆಯ ತರಗತಿಯನ್ನು ಮುಟ್ಟದವರು. ಈ ಒಂದು ಸಾಲು ನನ್ನಂತಹ ಅಧ್ಯಾಪಕನ ನಿದ್ದೆ ಕೆಡಿಸಲು ಸಾಕು.

ಈಗ ಕಾರಣವನ್ನು ಹೇಳುತ್ತೇನೆ. ನನ್ನ ವಿದ್ಯಾರ್ಥಿಯೊಬ್ಬ ಎಂಟನೆಯ ತರಗತಿಯ ನಡುವಿನಲ್ಲೇ ಬರುವುದನ್ನು ನಿಲ್ಲಿಸಿದ. ನಿಯಮದಂತೆ ಹಾಜರಿ ಪುಸ್ತಕದಿಂದ ಅವನ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಅವನ ಮನೆ ಶಾಲೆಯಿಂದ ಅರ್ಧ ಗಂಟೆಯ ದಾರಿ, ನಾನು ಹೋಗಲಿಲ್ಲ. ಎಷ್ಟೋ ವರ್ಷಗಳ ಬಳಿಕ ಬೋವಿಕಾನ ಪೇಟೆಯಲ್ಲಿ ಸಿಕ್ಕಿದ. ದೂರದ ನಗರವೊಂದರಲ್ಲಿ ಹೋಟೆಲ್ ಕೆಲಸಕ್ಕಿದ್ದಾಗ ಕಳವಿನ ಸಂಶಯದಲ್ಲಿ ಬಂಧಿತನಾಗಿ ಹದಿನಾಲ್ಕು ತಿಂಗಳು ಒಳಗಿದ್ದನಂತೆ. ಜಾಮೀನು ಸಿಕ್ಕಿತ್ತು, ಜಾಮೀನು ನಿಲ್ಲುವವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಕೊನೆಗೆ ನಿರಪರಾಧಿಯೆಂದು ಬಿಟ್ಟರು. “ಕಾಗದದಲ್ಲಿ ಏನು ಬರೆದಿದ್ದರೆಂದು ಓದಲು ಬರಲಿಲ್ಲ ಮಾಸ್ಟ್ರೇ” ಎಂದ. ನಾನು ನಿರುತ್ತರನಾದೆ.

ಕಾನೂನು ಇಂಥವರನ್ನು ಮರೆತಿದೆಯೆಂದಲ್ಲ. ಕೇರಳದ ಮೊದಲ ಮಂತ್ರಿಮಂಡಲದಲ್ಲಿ ಸೆರೆಮನೆ ಖಾತೆಯನ್ನೂ ನೋಡಿಕೊಂಡಿದ್ದ ವಿ. ಆರ್. ಕೃಷ್ಣ ಅಯ್ಯರ್ ಅವರು 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾಗಿ ಮೋತಿರಾಮ್ ಎಂಬ ಗಾರೆ ಕೆಲಸಗಾರನ ಮೊಕದ್ದಮೆಯಲ್ಲಿ ತೀರ್ಪಿತ್ತರು. ಕೆಳ ನ್ಯಾಯಾಲಯ ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿತ್ತು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅವನ ಭದ್ರತೆಯನ್ನು ತಳ್ಳಿಹಾಕಿತ್ತು. ದೂರದ ಊರಿನಲ್ಲಿ ಬಂಧಿತನಾದ ಮಲಯಾಳಿಯೋ ಕನ್ನಡಿಗನೋ ಅಲ್ಲಿ ಆಸ್ತಿವಂತ ಜಾಮೀನುದಾರನನ್ನು ಎಲ್ಲಿಂದ ತರಬೇಕೆಂದು ಆ ತೀರ್ಪು ಕೇಳಿತು. ಶೀಘ್ರ ವಿಚಾರಣೆ ಮೂಲಭೂತ ಹಕ್ಕೆಂದು 1979ರಲ್ಲಿ ಹುಸೈನಾರಾ ಖಾತೂನ್ ಮೊಕದ್ದಮೆ ಸಾರಿತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಗೊಳಗಾಗದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೆಯ ಒಂದಂಶವನ್ನು ಒಳಗೆ ಕಳೆದರೆ ಸಾಮಾನ್ಯವಾಗಿ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿ ಶಿಕ್ಷೆಗಳಂತಹ ಪ್ರಕರಣಗಳಿಗೆ ಇದು ಅನ್ವಯಿಸದು.

ಕಳವಾದ ಮನೆಯವರ ಸಂಕಟವನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ತೀರ್ಪು ತಡವಾದರೆ ಅವರಿಗೂ ನ್ಯಾಯ ಸಿಗುವುದಿಲ್ಲ. ಬಡವನನ್ನು ಸುಮ್ಮನೆ ಒಳಗಿಡುವುದರಿಂದ ಯಾರ ಸೊತ್ತೂ ಮರಳಿ ಬಾರದು.

ಆದುದರಿಂದ ಹಳೆ ವಿದ್ಯಾರ್ಥಿಗಳಲ್ಲಿ ನನ್ನದು ಎರಡು ಬಿನ್ನಹ. ಒಂದು: ಶಾಲೆ ಬಿಟ್ಟ ಮಗುವಿನ ಹೆಸರನ್ನು ಪುಸ್ತಕದಿಂದ ಹೊಡೆಯುವ ಮೊದಲು ಯಾರಾದರೊಬ್ಬರು ಅದರ ಮನೆಯ ಮೆಟ್ಟಿಲು ಹತ್ತಬೇಕು. ಎರಡು: ಊರಿನ ಬಡವನೊಬ್ಬ ಎಲ್ಲಿಯೋ ಸೆರೆ ಸಿಕ್ಕನೆಂದು ತಿಳಿದರೆ ಅವನ ಮನೆಯವರೊಡನೆ ಕಾನೂನು ಸೇವಾ ಸಮಿತಿಗೆ ಹೋಗುವ, ಕಾಗದ ಓದಿ ಹೇಳುವ, ಸಾಧ್ಯವಿದ್ದರೆ ಜಾಮೀನು ನಿಲ್ಲುವ ನಾಲ್ಕು ಮಂದಿ ನಿಮ್ಮ ಸಂಘದಲ್ಲಿರಬೇಕು. ಸಭಾಭವನಕ್ಕೆ ದೇಣಿಗೆ ಕೊಡುವಷ್ಟೇ ದೊಡ್ಡ ಸೇವೆ ಇದು. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ. ವಯಸ್ಸಾಗಿದೆ, ಆದರೂ ಅರ್ಧ ಗಂಟೆಯ ದಾರಿಯನ್ನು ಇನ್ನೂ ನಡೆಯಬಲ್ಲೆ.

ಶಾಲೆಗೆ ಶುಭವಾಗಲಿ.