ಮನೆಗೆ ಯಾವ ಬಣ್ಣ ಹಚ್ಚಬೇಕೆಂದು ಬಡಾವಣೆಯ ಸಂಘ ಹೇಳಬಹುದೇ?

ಅಮೆರಿಕದಲ್ಲಿ ಮನೆ ಮುಂದಿನ ಹುಲ್ಲು ಉದ್ದ ಬೆಳೆದಿದ್ದಕ್ಕೆ ದಂಡ, ಬಾಗಿಲಿಗೆ ಬೇರೆ ಬಣ್ಣ ಹಚ್ಚಿದ್ದಕ್ಕೆ ನೋಟಿಸ್. ಇಂಥ ವಿಡಿಯೋಗಳು ನಿಮ್ಮ ಫೋನಿಗೂ ಬಂದಿರಬಹುದು. ಅದನ್ನು ನೋಡಿದವರಲ್ಲಿ ಕೆಲವರು ‘ನಮ್ಮಲ್ಲೂ ಸಂಘ ಒಪ್ಪದೆ ಮನೆಯ ಹೊರಗೆ ಏನೂ ಮಾಡುವಂತಿಲ್ಲ’ ಎನ್ನುತ್ತಾರೆ. ‘ನನ್ನ ಜಾಗ, ನನ್ನ ಇಷ್ಟ, ಯಾರೂ ಕೇಳುವಂತಿಲ್ಲ’ ಎನ್ನುವವರೂ ಇದ್ದಾರೆ. ಎರಡೂ ಅರ್ಧ ನಿಜ.

ಮೊದಲು ಅಮೆರಿಕದ ಕಥೆ. ಅಲ್ಲಿ 7 ಕೋಟಿಗೂ ಹೆಚ್ಚು ಜನ ಇಂಥ ಮನೆ ಮಾಲೀಕರ ಸಂಘಗಳ ವ್ಯಾಪ್ತಿಯಲ್ಲಿ ವಾಸಿಸುತ್ತಾರೆ. ಸಂಘಕ್ಕೆ ಆ ಅಧಿಕಾರ ಬಂದದ್ದು ಸರ್ಕಾರದ ಆದೇಶದಿಂದಲ್ಲ. ಬಡಾವಣೆ ಕಟ್ಟಿದವರು ಬಣ್ಣ, ಬೇಲಿ, ಹುಲ್ಲಿನ ಷರತ್ತುಗಳನ್ನು ಜಾಗದ ದಾಖಲೆಗೇ ಸೇರಿಸಿಬಿಡುತ್ತಾರೆ. ಮನೆ ಕೊಂಡವರು ಅವನ್ನು ಒಪ್ಪಿಯೇ ಕೊಂಡ ಹಾಗೆ.

ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಅಪಾರ್ಟ್‌ಮೆಂಟ್. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಮುಖ್ಯ ಗೋಡೆಗಳು, ಮಾಳಿಗೆ, ಮೆಟ್ಟಿಲು ಇವೆಲ್ಲ ಎಲ್ಲರಿಗೂ ಸೇರಿದ ಸಾಮಾನ್ಯ ಭಾಗ. ಫ್ಲಾಟಿನ ಒಳಗೆ ನೀವು ಯಾವ ಬಣ್ಣವನ್ನಾದರೂ ಹಚ್ಚಿ. ಹೊರಗೋಡೆ ಮಾತ್ರ ನಿಮ್ಮೊಬ್ಬರದಲ್ಲ, ಆದ್ದರಿಂದ ಅಲ್ಲಿ ಸಂಘದ ಮಾತು ನಡೆಯುತ್ತದೆ.

ಆದರೆ ಸೇಡಂ, ಚಿತ್ತಾಪುರ, ಚಿಂಚೋಳಿಯಂಥ ಊರುಗಳಲ್ಲಿ ಹೆಚ್ಚಿನವರದು ಸ್ವಂತ ನಿವೇಶನದ ಮನೆ. ಇಲ್ಲಿ ಬಡಾವಣೆಯ ಸಂಘವೆಂದರೆ ಬಹುತೇಕ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ್ದು, ಕೆಲವು ಕಡೆ ಅದೂ ಇಲ್ಲ, ಬರೀ ವಾಟ್ಸಾಪ್ ಗುಂಪು. ನೋಂದಾಯಿತ ಸಂಘದ ನಿಯಮ ಅದರ ಸದಸ್ಯರಿಗೆ ಅನ್ವಯಿಸುತ್ತದೆ. ನೀವು ಸದಸ್ಯರೇ ಅಲ್ಲದಿದ್ದರೆ ಅಧ್ಯಕ್ಷರು ಕಳಿಸಿದ ‘ಎಲ್ಲರೂ ಕೆನೆ ಬಣ್ಣವನ್ನೇ ಹಚ್ಚತಕ್ಕದ್ದು’ ಎಂಬ ಸಂದೇಶ ಒಂದು ಸಲಹೆ, ಅಷ್ಟೇ. ಪುರಸಭೆ ಕೊಟ್ಟ ನಳದ ನೀರನ್ನು ಸಂಘ ನಿಲ್ಲಿಸುವಂತೆಯೂ ಇಲ್ಲ. ಗೇಟು ಹಾಕಿದ ಹೊಸ ಲೇಔಟ್‌ನಲ್ಲಿ ನಿವೇಶನ ಕೊಳ್ಳುವವರು ಮಾತ್ರ ಕ್ರಯಪತ್ರವನ್ನು ಕೊನೆಯ ಪುಟದವರೆಗೆ ಓದಬೇಕು, ಷರತ್ತುಗಳಿದ್ದರೆ ಅಲ್ಲಿರುತ್ತವೆ. ಗೃಹ ನಿರ್ಮಾಣ ಸಹಕಾರ ಸಂಘದ ನಿವೇಶನವಾದರೆ ಅದರ ಬೈಲಾ ಕೂಡ ಓದಿ. ಸದಸ್ಯರಾದವರಿಗೆ ಸಹಕಾರ ಸಂಘದ ಬೈಲಾ ಗಟ್ಟಿಯಾಗಿಯೇ ಅನ್ವಯಿಸುತ್ತದೆ.

ವಾಡಿ, ಮಳಖೇಡ ಕಡೆಯ ಸಿಮೆಂಟ್ ಕಾರ್ಖಾನೆಗಳ ಕಾಲೊನಿಗಳಲ್ಲಿ ಸಾಲು ಕ್ವಾರ್ಟರ್ಸ್ ಒಂದೇ ಥರ ಕಾಣುವುದನ್ನು ತೋರಿಸಿ ‘ನೋಡಿ, ನಿಯಮ ಇದೆಯಲ್ಲ’ ಎನ್ನುವವರಿದ್ದಾರೆ. ಅಲ್ಲಿ ಮನೆ ಕಂಪನಿಯದು, ಇರುವವರು ನೌಕರರು. ಬಣ್ಣ ಆರಿಸುವುದು ಮಾಲೀಕನ ಹಕ್ಕು, ಆ ಮಾಲೀಕ ಕಂಪನಿ. ಇನ್ನು ಶಹಾಬಾದ್‌ನ ಹಳೆಯ ಓಣಿಗಳ ಮನೆಗಳೂ ಒಂದೇ ಥರ ಕಾಣುತ್ತವೆ. ನೆಲ, ಗೋಡೆ, ಕಂಪೌಂಡಿಗೆ ನಿಲ್ಲಿಸಿದ ಚಪ್ಪಡಿ, ಎಲ್ಲ ಅದೇ ಬೂದು ಫರ್ಸಿ. ಯಾವ ಸಂಘವೂ ಹೇಳಿದ್ದಲ್ಲ. ಗಣಿ ಪಕ್ಕದಲ್ಲೇ ಇತ್ತು, ಕಲ್ಲು ಅಗ್ಗವಾಗಿ ಸಿಗುತ್ತಿತ್ತು.

ಹಾಗಾದರೆ ಮನೆಯ ಹೊರಭಾಗದ ಬಗ್ಗೆ ಯಾರೂ ಕೇಳುವಂತಿಲ್ಲವೇ? ಕೇಳಬಹುದು. ಆದರೆ ಅದು ಸ್ಥಳೀಯ ಸಂಸ್ಥೆಯ ಕೆಲಸ. ಕಟ್ಟಡ ಕಟ್ಟಲು, ವಿಸ್ತರಿಸಲು 1964ರ ಪುರಸಭೆಗಳ ಕಾಯ್ದೆಯಡಿ ಪರವಾನಗಿ ಬೇಕು. ಎತ್ತರ ಎಷ್ಟು, ರಸ್ತೆಯಿಂದ ಎಷ್ಟು ಜಾಗ ಬಿಡಬೇಕು ಎಂಬುದಕ್ಕೆ ನಿಯಮಗಳಿವೆ. ಚರಂಡಿಯ ಮೇಲೆ ಕಟ್ಟೆ ಚಾಚಿದರೆ ತೆಗೆಸುವ ಅಧಿಕಾರವೂ ಇದೆ. ಸುಣ್ಣ, ಬಣ್ಣ, ಸಣ್ಣ ಗಿಲಾವಿಗೆ ಸಾಮಾನ್ಯವಾಗಿ ಪರವಾನಗಿ ಬೇಡ. ಇನ್ನೊಂದು ವಿಷಯ ಚಿತ್ತಾಪುರ ತಾಲೂಕಿನ ಸನ್ನತಿ, ಕನಗನಹಳ್ಳಿಯವರಿಗೆ ಗೊತ್ತಿರಬೇಕು. ಕೇಂದ್ರ ಪುರಾತತ್ವ ಇಲಾಖೆ ಸಂರಕ್ಷಿಸಿದ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ಇದು ಕೇಂದ್ರದ ಕಾನೂನು, ಪಂಚಾಯಿತಿ ಒಪ್ಪಿದರೂ ಬದಲಾಗದು.

ಬಣ್ಣದ ಪ್ರಶ್ನೆ ಬರೀ ಅಂದಚೆಂದದ್ದಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಬರೀ ಸಿಮೆಂಟಿನ ಮಾಳಿಗೆ ಹಗಲೆಲ್ಲ ಕಾವು ಕುಡಿದು ರಾತ್ರಿ ಅದನ್ನು ಕೋಣೆಯೊಳಗೆ ಬಿಡುತ್ತದೆ. ಫ್ಯಾನ್ ಹಾಕಿದರೂ ಬಿಸಿ ಗಾಳಿಯೇ. ಮುದುಕರು, ಕೂಸುಗಳಿರುವ ಮನೆಯಲ್ಲಿ ಇದು ಆರೋಗ್ಯದ ಪ್ರಶ್ನೆ. ಬಿಳಿ ಮೇಲ್ಮೈ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಮಾಳಿಗೆಗೆ ಬಿಳಿ ಹಚ್ಚಿದರೆ ಕೆಳಗಿನ ಕೋಣೆ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ತಂಪಾಗುತ್ತದೆ. ಎಸಿಯಷ್ಟು ಅಲ್ಲ, ಆದರೆ ನಿದ್ದೆ ಬರುವಷ್ಟು. ಸೇಡಂ ಗಡಿ ದಾಟಿದರೆ ಸಿಗುವ ತೆಲಂಗಾಣದಲ್ಲಿ 2023ರಲ್ಲಿ ತಂಪು ಮಾಳಿಗೆ ನೀತಿಯನ್ನೇ ತಂದಿದ್ದಾರೆ. ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೂ 600 ಚದರ ಗಜ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಮನೆಗಳಿಗೂ ಅದು ಕಡ್ಡಾಯ, ಸಣ್ಣ ಮನೆಗಳಿಗೆ ಐಚ್ಛಿಕ. ಅಲ್ಲಿ ಸರ್ಕಾರವೇ ಹಚ್ಚಿ ಎನ್ನುತ್ತಿರುವಾಗ ‘ಮಾಳಿಗೆ ಬಿಳಿ ಇದ್ದರೆ ಬಡಾವಣೆಯ ಲುಕ್ ಕೆಡುತ್ತದೆ’ ಎನ್ನುವ ಸಂಘದ ಮಾತಿಗೆ ಸುಮ್ಮನೆ ತಲೆಯಾಡಿಸಬೇಕಿಲ್ಲ.

ದುಬಾರಿ ಪೇಂಟೇ ಆಗಬೇಕೆಂದೂ ಇಲ್ಲ. ಸುಣ್ಣವೂ ಕೆಲಸ ಮಾಡುತ್ತದೆ. ಸುಣ್ಣದ ಕಲ್ಲನ್ನು ಸುಟ್ಟು ನೀರು ಬೆರೆಸಿದರೆ ಸುಣ್ಣ, ಅದನ್ನು ಬಳಿದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಿನದೇ ತೆಳು ಪದರವಾಗುತ್ತದೆ. ನಮ್ಮ ಫರ್ಸಿಯೂ ಸಿಮೆಂಟಿನ ಕಚ್ಚಾವಸ್ತುವೂ ಅದೇ ಜಾತಿಯ ಕಲ್ಲು. ಮಳೆಗೆ ಸುಣ್ಣ ತೊಳೆದುಹೋಗುವುದರಿಂದ ಪ್ರತಿ ವರ್ಷ ಬೇಸಿಗೆಗೆ ಮುಂಚೆ ಹೊಸದಾಗಿ ಬಳಿಯಬೇಕು. ಕಾರ್ಖಾನೆ, ಕ್ವಾರಿ ಹತ್ತಿರ ಇರುವವರಿಗೆ ಇನ್ನೊಂದು ಕೆಲಸ ಇದೆ. ಧೂಳು ಕೂತ ಬಿಳಿ ಮಾಳಿಗೆ ಬೂದು ಮಾಳಿಗೆಯಂತೆಯೇ ಕಾವು ಕುಡಿಯುತ್ತದೆ, ಹಾಗಾಗಿ ತಿಂಗಳಿಗೊಮ್ಮೆಯಾದರೂ ಗುಡಿಸಿ.